ತೂಗುಸೇತುವೆಯ ಮೇಲೆ ಅತ್ತೆಯ ಫೋಟೊ

ಮೊನ್ನೆ ಮಾಲೂರು ಸ್ಟೇಷನ್ನಿನ ಮೇಲ್ಸೇತುವೆ ದಾಟುತ್ತಿದ್ದಾಗ ಕೆಳಗೆ ರೈಲೊಂದು ಧಡಧಡನೆ ಹಾದುಹೋಯಿತು. ಕಾಲಡಿ ಸಣ್ಣಗೆ ನಡುಗಿತು ನೋಡಿ, ನನ್ನ ಕೈ ತಾನಾಗಿಯೇ ಕಂಬಿ ಹಿಡಿದುಕೊಂಡಿತು. ನನ್ನ ಧೈರ್ಯ ಇಷ್ಟೇ. ಧೈರ್ಯ ಅಂದರೆ ನಮ್ಮ ಸೋದರತ್ತೆಯದು. ಅದನ್ನು ಹೇಳದೆ ನಿಮ್ಮನ್ನು ಬಿಡುವವನಲ್ಲ ನಾನು.

ಎಂಬತ್ತರ ದಶಕದ ಶುರು. ಮುಳಬಾಗಿಲಿನಿಂದ ಬಸ್ಸು ಮಾಡಿಕೊಂಡು ನಂಟರೆಲ್ಲ ಕಾಶಿಯಾತ್ರೆಗೆ ಹೊರಟೆವು. ಜೊತೆಗೆ ರಾಗಿಹಿಟ್ಟಿನ ಮೂಟೆಗಳು. ಗಂಗೆಯ ದಡದಲ್ಲೂ ನಮಗೆ ಮುದ್ದೆಯೇ ಆಗಬೇಕು. ಕಾಲೇಜು ಓದುತ್ತಿದ್ದ ನನ್ನ ಕೊರಳಲ್ಲಿ ಎರವಲು ಕ್ಯಾಮೆರಾ. ಅದು ಕೊರಳಿಗೆ ಬಿದ್ದಾಗಿನಿಂದ ನಾನು ಯಾರ ಜೊತೆಯೂ ನೆಟ್ಟಗೆ ಮಾತಾಡುತ್ತಿರಲಿಲ್ಲ. ಬೈರಕೂರಿನ ಈ ಸೋದರತ್ತೆ ಮಾತ್ರ ಮೊದಲೇ ಹೇಳಿಟ್ಟಿದ್ದಳು: "ಋಷಿಕೇಶದಲ್ಲಿ ತೂಗೋ ಸೇತುವೆ ಐತಂತಲ್ಲ, ಅದನ್ನ ದಾಟುವಾಗ ನಂದೊಂದು ಫೋಟೊ ತೆಗೀಬೇಕು ಕಣೋ. ಹುಟ್ಟಿದಾಗ್ನಿಂದ ನಂದು ಒಂದೂ ಇಲ್ಲ."

ಲಕ್ಷ್ಮಣ ಝೂಲಾ ಕಂಡಾಗ ಎಲ್ಲರೂ ಒಬ್ಬರ ಹಿಂದೊಬ್ಬರು ಸರಿದು ನಿಂತರು. ಬೆಟ್ಟದಿಂದ ಬೆಟ್ಟಕ್ಕೆ ಬಿಗಿದ ಕಬ್ಬಿಣದ ಹಗ್ಗಗಳು, ಅವಕ್ಕೆ ಜೋತುಬಿದ್ದ ಹಳೇ ಕಾಲದ ದಾರಿ, ಆಳದಲ್ಲೆಲ್ಲೋ ಹಸಿರು ಗಂಗೆ. ನಮ್ಮ ಛತ್ರ ಇದ್ದದ್ದು ಆಚೆ ದಡದಲ್ಲಿ. ಅತ್ತೆ ನಾಲ್ಕು ಹೆಜ್ಜೆ ಇಟ್ಟಳು. ಗಾಳಿ ಬೀಸಿತು, ಸೇತುವೆ ತೂಗಿತು, ಅತ್ತೆ ತತ್ತರಿಸಿ ವಾಪಸ್ಸು ಬಂದಳು.

"ನಾನು ಮೊದಲೇ ಹೇಳಲಿಲ್ವಾ? ಹೋಗಿ ಬಸ್ಸಲ್ಲಿ ಕೂತ್ಕೋ," ಅಂದರು ದೊಡ್ಡಪ್ಪ, ಅವಳ ಅಣ್ಣ.

ಅತ್ತೆಯ ಮುಖ ಸಣ್ಣದಾಯಿತು. ಬಸ್ಸಿನಿಂದ ಇಳಿಸಿದ್ದ ಮೂಟೆಗಳ ಕಡೆ ಇದ್ದಕ್ಕಿದ್ದಂತೆ ತಿರುಗಿದವಳು, "ಒರೇಯ್, ಆ ಹಿಟ್ಟಿನ ಮೂಟೆ ನನ್ನ ತಲೆಗೆತ್ರೋ. ಬರೀ ತಲೇಲಿ ನಡೆದು ನಂಗೆಲ್ಲಿ ಅಭ್ಯಾಸ?" ಅಂದಳು.

ಸುಳ್ಳಲ್ಲ. ತೋಟದಿಂದ ಮನೆಗೆ, ಮನೆಯಿಂದ ಸಂತೆಗೆ ತರಕಾರಿ ಮಂಕರಿ ಹೊತ್ತುಕೊಂಡೇ ಬದುಗಳ ಮೇಲೆ ಓಡಾಡಿದ ಜೀವ ಅದು. ಟವೆಲ್ಲು ಸುತ್ತಿ ಸಿಂಬೆ ಮಾಡಿ ಮೂಟೆ ಇಟ್ಟೆವು. ಕೂಡಲೇ ಅವಳ ಕತ್ತು ನೆಟ್ಟಗಾಯಿತು. ಎರಡೂ ಕೈ ಬೀಸಿಕೊಂಡು, ಬೈರಕೂರಿನ ಬದುವಿನ ಮೇಲೆ ಹೋಗುವ ಹಾಗೆ ಹೊರಟೇಬಿಟ್ಟಳು. ಕ್ಯಾಮೆರಾದ ಯಜಮಾನನಾದ ನಾನು ಕಂಬಿ ತಬ್ಬಿಕೊಂಡು ಹಿಂದೆ ಹಿಂದೆ ತೆವಳಿದೆ.

ನಟ್ಟನಡುವೆ ನಿಂತು ತಿರುಗಿದಳು. "ಈಗ ತೆಗಿ."

"ಲೇ, ಮೂಟೆ ಇಳಿಸಿ ತೆಗಿಯೋ! ನೋಡಿದೋರು ಕೂಲಿಯೋಳು ಅನ್ನಲ್ವಾ?" ದಡದಿಂದ ದೊಡ್ಡಪ್ಪ ಕೂಗಿದರು.

"ಅನ್ಲಿ ಬಿಡಣ್ಣ. ದಾಟ್ತಿರೋಳು ನಾನು!"

ನಾನು ಕಂಬಿ ಬಿಟ್ಟು ಎರಡೂ ಕೈಯಲ್ಲಿ ಕ್ಯಾಮೆರಾ ಹಿಡಿದು ಒತ್ತಿದೆ.

ಕೋಲಾರದಲ್ಲಿ ಫಿಲ್ಮ್ ತೊಳೆಸಿದರೆ ಬೆಟ್ಟವಿಲ್ಲ, ಗಂಗೆಯಿಲ್ಲ, ಸೇತುವೆ ಅಂತ ಅಂಚಿನಲ್ಲಿ ಒಂದು ಹಗ್ಗ. ಮಿಕ್ಕದ್ದೆಲ್ಲ ಅತ್ತೆ ಮತ್ತು ಅವಳ ಮೂಟೆ. ನಾನು ತೆಗೆದ ಫೋಟೊಗಳಲ್ಲೆಲ್ಲ ನನಗೆ ಹೆಮ್ಮೆ ಇರುವುದು ಅದೊಂದರ ಮೇಲೆಯೇ.

ಅತ್ತೆ ಹೋಗಿ ವರ್ಷಗಳಾದವು. ಫೋಟೊ ಈಗ ನಮ್ಮ ನಡುಮನೆಯಲ್ಲಿದೆ. ನಿನ್ನೆ ಮೊಮ್ಮಗಳು ಅದನ್ನು ಮೊಬೈಲಿಗೆ ಇಳಿಸಿಕೊಂಡು, "ತಾತ, ಮೂಟೆ ಅಳಿಸಿದ್ರೆ ಮುಖ ಇನ್ನೂ ಚೆನ್ನಾಗಿ ಕಾಣತ್ತೆ. ಅಳಿಸ್ಲಾ?" ಅಂದಳು.

"ಬೇಡ ಕಣೇ," ಅಂದೆ, "ಅತ್ತೆ ಬಿದ್ದುಹೋಗ್ತಾಳೆ."