ಕೆರೆಯ ದಾರಿಯಲ್ಲಿ ನಮ್ಮ ಮನೆ

ಎಂಬತ್ತರ ದಶಕದ ಆರಂಭದಲ್ಲಿ ನಾವು ನಾಗಸಂದ್ರದಾಚೆ ಒಂದು ಕೆರೆಯಂಚಿನಲ್ಲಿ ಮನೆ ಕಟ್ಟಿಸಿದೆವು. ಸೈಟು ಮಾರಿದವನು, "ವರಾಂಡದಲ್ಲಿ ಕೂತ್ರೆ ಸಮುದ್ರಾನೇ ಕಂಡಂಗಿರ್ತದೆ ಸಾರ್" ಎಂದಿದ್ದ. ಸಮುದ್ರವನ್ನೇ ನೋಡಿರದ ನನ್ನ ಗಂಡ ಕೂಡಲೇ ಒಪ್ಪಿಕೊಂಡರು. ಊರಿನ ಎಮ್ಮೆಗಳು ನೀರಿಗಿಳಿಯುವ ದಾರಿ ನಮ್ಮ ಸೈಟಿನ ಮೇಲೇ ಹಾಯುತ್ತದೆಂಬ ಸೌಕರ್ಯವನ್ನು ಮಾತ್ರ ಅವನು ಹೇಳಿರಲಿಲ್ಲ.

ಗೃಹಪ್ರವೇಶದ ಮಾರನೆಯ ಬೆಳಿಗ್ಗೆಯೇ ನಾಲ್ಕು ಎಮ್ಮೆಗಳು ಅಂಗಳಕ್ಕೆ ಬಂದವು. ಹಿಂದೆ ಕೋಲು ಹಿಡಿದ ಹೆಂಗಸು. ಮುಂದೆ ನಮ್ಮ ಕಾಫಿಗೆ ಹಾಲು ಬರತೊಡಗಿದ್ದೂ ಅವಳ ಮನೆಯಿಂದಲೇ.

"ಇದು ಮನೆ ಕಣಮ್ಮಾ, ದಾರಿಯಲ್ಲ" ಎಂದರು ನನ್ನವರು.

"ನಂಗೊತ್ತು ಸಾಮಿ. ಎಮ್ಮೆಗೆ ನೀವೇ ಯೇಳಿ."

ಎಮ್ಮೆಗೆ ಹೇಳುವ ಬದಲು ಅವರು ಕಾಂಪೌಂಡು ಕಟ್ಟಿಸಿದರು. ಅಕ್ಕಪಕ್ಕದವರೂ ಕಟ್ಟಿಸಿದರು. ಅವಳು ಸುತ್ತು ಬಳಸಿ ಕೆರೆಗೆ ಹೋಗತೊಡಗಿದಳು. ನಾವೆಲ್ಲ ನಾಗರಿಕರಾದೆವು, ನಾಗರಿಕರಿಗೆ ಚರಂಡಿ ಬೇಕಲ್ಲ, ಅದನ್ನು ಕೆರೆಗೆ ತಿರುಗಿಸಿದೆವು. ಮೇಲ್ಗಡೆಯ ಕಾರ್ಖಾನೆ ನಮಗಿಂತ ಉದಾರಿ, ಬಣ್ಣಬಣ್ಣದ ನೀರನ್ನೇ ಕಳಿಸಿತು. ಮೀನು ಸತ್ತು ತೇಲಿದವು, ಕೊಕ್ಕರೆಗಳು ಬರುವುದನ್ನು ಬಿಟ್ಟವು. ನೊರೆ ಎದ್ದಾಗ ನನ್ನವರು, "ನೋಡೇ, ಸಮುದ್ರದಲ್ಲೂ ಹೀಗೇ ಇರತ್ತಂತೆ" ಎಂದರು.

ಒಂದು ಬೇಸಿಗೆಯಲ್ಲಿ ಆ ನೀರು ಕುಡಿದ ಎಮ್ಮೆಯೊಂದು ಸತ್ತಿತು. ಮರುದಿನ ಅವಳು ಉಳಿದವನ್ನು ಹೊಡೆದುಕೊಂಡು ನಮ್ಮ ಗೇಟಿನೆದುರು ನಿಂತಳು.

"ಅಮ್ಮಾವ್ರೇ, ನಿಮ್ಮ ಬಾವೀಲಿ ವಸಿ ನೀರು ಸೇದ್ಕೊಳ್ಲಾ? ಬಾಯಾರ್ಕೊಂಡವೆ."

ನಮ್ಮ ಬಾವಿ ಇನ್ನೂ ಕೆಟ್ಟಿರಲಿಲ್ಲ. ಗೇಟು ತೆರೆದೆ. ಇಬ್ಬರೂ ಸೇರಿ ಸೇದಿ ಬಟ್ಟೆ ಒಗೆಯುವ ತೊಟ್ಟಿ ತುಂಬಿದೆವು. ಎಮ್ಮೆಗಳು ಹೊಟ್ಟೆ ತುಂಬ ಕುಡಿದು, ನನ್ನವರ ಗುಲಾಬಿ ಗಿಡಗಳನ್ನೂ ಮೇದು ಹೋದವು.

ಸಂಜೆ ಗಿಡಗಳನ್ನು ಕಂಡ ಅವರು ಕೂಗಾಡಿದರು: "ನಾಳೆಯೂ ಬರ್ತಾವೇನು?"

"ಬರ್ತಾವೆ. ಬೇಡ ಅನ್ನೋದಿದ್ರೆ ನೀವೇ ಹೇಳಿ."

ಅವರು ಹೇಳಲಿಲ್ಲ. ಬೇಸಿಗೆಯಿಡೀ ಎಮ್ಮೆಗಳು ಬಂದವು. ಅವಳು ತೊಟ್ಟಿಯ ಪಕ್ಕ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತ, ನಾವು ಬರುವ ಮೊದಲಿನ ಕೆರೆಯ ಸುದ್ದಿ ಹೇಳುತ್ತಿದ್ದಳು.

ಮಳೆಗಾಲ ಹಿಡಿದ ಮೇಲೆ ಅವಳು ಜಿಗಣಿ ಕಡೆಯ ತವರಿಗೆ ಹೊರಟಳು, ಎಮ್ಮೆಗಳ ಸಮೇತ. "ಅಲ್ಲಿ ಕೆರೆ ಚೆಂದಾಗದೆ ಅಮ್ಮಾವ್ರೇ. ಸುತ್ತ ಇನ್ನೂ ನಿಮ್ಮಂಥೋರು ಬಂದಿಲ್ಲ." ಬೈಗುಳವಲ್ಲ, ಸಮಾಧಾನವಾಗಿಯೇ ಹೇಳಿದಳು. ನಾನು ಕುಂಕುಮ ಕೊಟ್ಟು ಕಳಿಸಿದೆ.

ಆಮೇಲೆ ನಮ್ಮ ಮನೆಗೆ ಡೈರಿ ಹಾಲು. ನನ್ನವರು ವರಾಂಡದಲ್ಲಿ ಕಾಫಿ ಕುಡಿಯುತ್ತ, "ಏನೇ ಹೇಳು, ಎಮ್ಮೆ ಹಾಲಿನ ರುಚಿಯೇ ಬೇರೆ" ಎಂದು ಕೊರಗಿದರು. ಒಳಗೆ ಬಂದು ಕುಡಿಯಿರಿ, ಬರುವಾಗ ಬಾಗಿಲು ಹಾಕಿ ಎಂದೆ. ಕೆರೆ ನಾರುತ್ತಿತ್ತು.