ಕಲ್ಲುಪಾಚಿಯ ಬಿಡಾರದವರು

ಎಂಬತ್ತರ ದಶಕದ ಆರಂಭದಲ್ಲಿ ಉಡುಪಿಯಲ್ಲಿ ರೂಮು ಸಿಗಬೇಕಾದರೆ ಡಿಗ್ರಿ ಇದ್ದರೆ ಸಾಲದು, ಮೀನು ಬಿಡಬೇಕಿತ್ತು. ನಾನು ಕಾರ್ಕಳದ ಮೀನು ತಿನ್ನುವ ಮನೆಯವಳು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಮನೆಯೊಡತಿ ಮಡಿ ಹೆಂಗಸು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಅವರ ಕಟ್ಟಳೆ ಒಂದೇ: ಅಂಗಳದೊಳಗೆ ಮೀನು ಕಂಡರೆ ಅಂದೇ ಗಂಟುಮೂಟೆ ಕಟ್ಟಬೇಕು. ರೂಮು ಹುಡುಕಿ ಚಪ್ಪಲಿ ಸವೆಸಿದ್ದ ನಾನು ಹೂಂಗುಟ್ಟಿದ್ದೆ.

ಒಂದು ಶನಿವಾರ ಸಂಜೆ, ನೀರಿಳಿದ ಹೊತ್ತಿನಲ್ಲಿ, ಕಾಪುವಿನ ಬಂಡೆಗಳ ಬಳಿ ಮೊಣಕಾಲುದ್ದ ಸಮುದ್ರಕ್ಕಿಳಿದೆ. ತಳದ ಜಲ್ಲಿಯ ಮೇಲೆ ಗುಲಾಬಿ ಬಣ್ಣದ ಗಂಟುಗಳು ಉರುಳಾಡುತ್ತಿದ್ದವು. ನೋಡಲು ಎಣ್ಣೆಯಲ್ಲಿ ಕರಿದ ಗೋಳಿಬಜೆ, ಕಚ್ಚಿದರೆ ಹಲ್ಲು ಹೋದೀತು. ಅದು ಕಲ್ಲಲ್ಲ, ಮೈತುಂಬ ಸುಣ್ಣ ಕಟ್ಟಿಕೊಂಡು ಬೆಳೆಯುವ ಪಾಚಿ. ಸೋಮವಾರದ ಪಾಠಕ್ಕೆಂದು ಸಮುದ್ರದ ನೀರಿನ ಸಮೇತ ಬಕೆಟ್ಟಿಗೆ ತುಂಬಿಕೊಂಡೆ. ಕಾಲೇಜಿಗೆ ಬೀಗ ಬಿದ್ದಿತ್ತು. ಮನೆಗೇ ತಂದು ತುಳಸಿಕಟ್ಟೆಯ ಪಕ್ಕ ಇಟ್ಟೆ.

ಮನೆಯೊಡತಿಯನ್ನು ನಾನು ಅಮ್ಮ ಎಂದೇ ಕರೆಯುತ್ತಿದ್ದೆ. ಅಮ್ಮ ಬಗ್ಗಿ ನೋಡಿ ಇದೆಂತದು ಎಂದು ಕೇಳಿದರು. ನೀರಿನಲ್ಲಿ ಬೆಳೆಯುವ ಗಿಡ ಎಂದೆ. ಶಾಸ್ತ್ರೋಕ್ತ ಸತ್ಯ. ಗಿಡವಾದರೆ ಅಡ್ಡಿಯಿಲ್ಲವೆಂದು ಒಳಗೆ ಹೋದರು. ಗಿಡದ ಸಂದುಗಳಲ್ಲಿ ಯಾರೆಲ್ಲ ಬಿಡಾರ ಹೂಡಿದ್ದಾರೆಂದು ಅವರು ಕೇಳಲಿಲ್ಲ, ನಾನೇಕೆ ಬಾಯಿಬಿಡಲಿ?

ಮರುದಿನ ಏಕಾದಶಿ. ಅಮ್ಮ ಮಿಂದು ಬಂದು ತುಳಸಿಗೆ ನೀರೆರೆದರು, ದಾಸವಾಳಕ್ಕೆ ಎರೆದರು, ಅಬ್ಬಲಿಗೆಗೆ ಎರೆದರು. ಪಾಪ, ಇವಳ ಗಿಡವೊಂದು ಯಾಕೆ ಒಣಗಬೇಕೆಂದು ಬಕೆಟ್ಟಿನ ನಾರುವ ನೀರು ಚೆಲ್ಲಿ, ಬಾವಿಯ ಸಿಹಿನೀರು ತುಂಬಿಸಿಬಿಟ್ಟರು!

ನಾನು ಹಲ್ಲುಜ್ಜುತ್ತ ಬರುವಷ್ಟರಲ್ಲಿ, ಉಪ್ಪಿಲ್ಲದ ನೀರು ತಾಳದೆ, ಬಿಡಾರದವರೆಲ್ಲ ಬೀದಿಗೆ ಬಿದ್ದಿದ್ದರು. ದಾರದಂಥ ಹುಳಗಳು, ಹಾವಿನಂತೆ ಬಳುಕುವ ಐದು ಕೈಗಳ, ನಕ್ಷತ್ರದಾಕಾರದ ಜೀವಿಗಳು, ಹೆಸರುಕಾಳಿನಷ್ಟು ಏಡಿಗಳು. ಕೊನೆಗೆ ಸಂದಿನಿಂದ ಜಾರಿತು ಉಗುರಿನಷ್ಟು ಉದ್ದದ ಒಂದು ಮೀನು. ಮುಗಿಯಿತು ನನ್ನ ರೂಮಿನ ಕತೆ ಎಂದುಕೊಂಡೆ.

ಅಮ್ಮ ಮೀನನ್ನು ನೋಡಿದರು, ನನ್ನನ್ನು ನೋಡಿದರು.

"ಏಕಾದಶಿ ದಿನ ನನ್ನ ಕೈಯಲ್ಲಿ ಇಷ್ಟು ಜೀವ ಹೋಗುವುದಾ? ನಿನ್ನ ವಿಚಾರ ಆಮೇಲೆ. ಈಗ ಎಂತ ಮಾಡುವುದು, ಅದು ಹೇಳು."

ಉಪ್ಪು ಬೇಕೆಂದೆ. ಓಡಿಹೋಗಿ ಭರಣಿಯನ್ನೇ ತಂದರು. ಎಷ್ಟು ಹಾಕಬೇಕು, ಸಾರಿನ ಹದಕ್ಕೋ ಉಪ್ಪಿನಕಾಯಿಯ ಹದಕ್ಕೋ ಎಂದು ವಿಚಾರಿಸಿದರು. ಅವರಿಗೆ ಉಪವಾಸ, ರುಚಿ ನೋಡುವಂತಿಲ್ಲ. ನಾನೇ ಮೊಣಕಾಲೂರಿ, ಹುಳ ಸರಿಸಿ, ಬೊಗಸೆಯಲ್ಲಿ ಹೀರಿದೆ. ಇನ್ನೂ ಸಪ್ಪೆ ಎಂದೆ. ಅವರು ಮತ್ತೊಂದು ಹಿಡಿ ಸುರಿದರು. ಮದುವೆಮನೆಯ ಅಡುಗೆಯವರಂತೆ ಇಬ್ಬರೂ ಕದಡಿದ್ದೇ ಕದಡಿದ್ದು. ಮೀನು ಬಾಲ ಆಡಿಸಿತು.

ಇಷ್ಟಾದರೂ ಅಮ್ಮನಿಗೆ ಧೈರ್ಯ ಬರಲಿಲ್ಲ. ಅಡುಗೆಮನೆಯ ಉಪ್ಪನ್ನು ಸಮುದ್ರದವರು ಎಷ್ಟು ಹೊತ್ತು ಸಹಿಸಿಯಾರು ಎಂದು ಅವರಿಗೆ ಒಂದೇ ಚಿಂತೆ. ಸೋಮವಾರದ ಪಾಠ ಹಾಳಾಗಿ ಹೋಗಲಿ ಎಂದು ಕಾಪುವಿಗೆ ಹೊರಟೆವು. ಮಡಿಯಲ್ಲಿದ್ದಾಗ ನನ್ನ ನೆರಳು ಬಿದ್ದರೂ ದೂರ ಸರಿಯುತ್ತಿದ್ದವರು ಬಸ್ಸಿನಲ್ಲಿ ಇಬ್ಬರು ಮೀನು ಮಾರುವ ಹೆಂಗಸರ ನಡುವೆ ಒತ್ತಿ ಕುಳಿತು, ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಬ್ರೇಕು ಹಾಕಿದಾಗಲೆಲ್ಲ ಡ್ರೈವರನಿಗೆ ಬುದ್ಧಿ ಹೇಳಿದರು.

ಕಾಪುವಿನಲ್ಲಿ ಅವರೇ ನೀರಿಗಿಳಿದು ಬಕೆಟ್ಟು ಓರೆ ಮಾಡಿದರು. ಪಾಚಿಗಂಟುಗಳು ಜಲ್ಲಿಯ ಮೇಲೆ ಉರುಳಿದವು, ಮೀನು ಮಾಯವಾಯಿತು. ಅಷ್ಟರಲ್ಲಿ ತೆರೆಯೊಂದು ಬಂದು ಅವರನ್ನು ಸೊಂಟದವರೆಗೆ ತೋಯಿಸಿತು. ಬೈಯುತ್ತಾರೆಂದುಕೊಂಡೆ. ಅವರು ಸೀರೆ ಎತ್ತಿಕಟ್ಟಿ ಮುಂದಿನ ತೆರೆಗೆ ಕಾದು ನಿಂತರು.

ಕೇಳಲೇಬೇಕಿತ್ತು, ಕೇಳಿದೆ. "ಅಮ್ಮ, ರೂಮು ಯಾವಾಗ ಖಾಲಿ ಮಾಡಬೇಕು?"

ಅವರು ತಿರುಗಿಯೂ ನೋಡಲಿಲ್ಲ.

"ನೀನು ಹೋದರೆ ನನ್ನನ್ನು ಇಲ್ಲಿಗೆ ಯಾರು ಕರೆದುಕೊಂಡು ಬರುವುದು?"