ಕೈಗೆಟುಕುವ ದೂರ

ಶಿಗ್ಗಾವಿ ಊರಾಚೆಯ ಹೊಲದ ಮನೆ. ಹೊತ್ತು ಮೂಡುತ್ತಿದೆ. ಸವಣೂರಿನಿಂದ ಸ್ಕೂಟಿಯಲ್ಲಿ ಬಂದ ಫೋಟೋಗ್ರಾಫರ್ ತರನ್ನುಮ ಇನ್ನೂ ಕ್ಯಾಮೆರಾ ಹೊರತೆಗೆದಿಲ್ಲ. ಹಿತ್ತಲು ಸುತ್ತುತ್ತಾರೆ, ನೀರಿನ ತೊಟ್ಟಿಯ ಮೇಲೆ ಹಲಗೆ ಎಳೆಯುತ್ತಾರೆ, ಪಂಪಿನ ವೈರ್ ಎಲ್ಲಿ ಹಾದಿದೆ ಎಂದು ಬಗ್ಗಿ ನೋಡುತ್ತಾರೆ. ಕಟ್ಟೆಯ ಮೇಲೆ ಚಹಾ ಕುಡಿಯುತ್ತಿರುವ ಅಜ್ಜಿ ಶಿವಬಸವ್ವನಿಗೆ ನಗು ತಡೆಯಲಾಗುವುದಿಲ್ಲ.

"ಫೋಟೋ ತಗ್ಯಾಕ ಬಂದೀಯೋ, ಹೊಲಾ ಖರೀದಿ ಮಾಡಾಕ ಬಂದೀಯೋ ಯವ್ವಾ?"

ತರನ್ನುಮ ನಕ್ಕಂತೆ ಮಾಡುತ್ತಾರೆ. ತೊಟ್ಟಿಯ ಹಲಗೆಯ ಮೇಲೊಂದು ಕಲ್ಲು ಹೇರುತ್ತಾರೆ.

ಓಡಾಡುವ ಮಕ್ಕಳ ಫೋಟೋ ಬೇಕೆಂದರೆ ಈ ಭಾಗದವರು ಇವರನ್ನೇ ಕರೆಯುತ್ತಾರೆ. ತಂದೆ ಜಮಾಲಸಾಬ ಸವಣೂರಿನಲ್ಲಿ ಸ್ಟುಡಿಯೋ ಇಟ್ಟಿದ್ದವರು. ಅಳ್ಳಾಡಿದರೆ ಗುಮ್ಮ ಬರುತ್ತಾನೆಂದು ಹೆದರಿಸಿ ಅವರು ತೆಗೆದ ಫೋಟೋಗಳಲ್ಲಿ ಮಕ್ಕಳೆಲ್ಲ ಸಣ್ಣ ತಹಶೀಲ್ದಾರರಂತೆ ಕುರ್ಚಿಯಲ್ಲಿ ಬಿಗಿದುಕೊಂಡು ಕೂತಿರುತ್ತಿದ್ದವು. ಮಗಳಿಗೆ ಆ ಕುರ್ಚಿಯೇ ಬೇಡವಾಯಿತು. ಮಗುವನ್ನು ಅದರ ಪಾಡಿಗೆ ಬಿಟ್ಟು, ದೂರದಲ್ಲಿ ಜೂಮ್ ಲೆನ್ಸ್ ಹಿಡಿದು ಕಾಯುವುದು ಆಗ ಇವರ ಪದ್ಧತಿಯಾಗಿತ್ತು.

ಕೆಲವು ವರ್ಷಗಳ ಹಿಂದೆ ಹಾನಗಲ್ ಕಡೆಯ ಹೊಲವೊಂದರಲ್ಲಿ ಹಾಗೆಯೇ ಕಾಯುತ್ತಿದ್ದರು. ಗುದ್ಲೆಪ್ಪ ಎಂಬ ರೈತರ ಮೊಮ್ಮಗ, ಎರಡು ವರ್ಷದ ಪೋರ, ಕೋಳಿಮರಿಯ ಬೆನ್ನು ಹತ್ತಿದ್ದ. ಲೆನ್ಸಿನಲ್ಲಿ ಅವನ ಹಾಲುಹಲ್ಲು ಎಣಿಸಬಹುದಿತ್ತು. ಕೃಷಿಹೊಂಡದ ಅಂಚಿನ ಕರಿ ಪ್ಲಾಸ್ಟಿಕ್ ಹಾಳೆ ಅವನ ಕಾಲಡಿಯಲ್ಲಿ ಇರುವುದು ಕಂಡದ್ದು ಕ್ಲಿಕ್ ಮಾಡಿದ ಮೇಲೆ. ಅಷ್ಟರಲ್ಲಿ ಅವನ ಕಾಲು ಜಾರಿತ್ತು.

"ಹಿಡಿಯಾಕ ಕೈ ಚಾಚಿದ್ನಿರಿ. ಲೆನ್ಸಿನಾಗ ಮಗ್ಗಲದಾಗ ಇದ್ದಂಗ ಇದ್ದ. ಕೈಗೆ ಬರೇ ಗಾಳಿ ಸಿಕ್ತು. ಕ್ಯಾಮೆರಾ ಇಳಿಸಿ ನೋಡಿದ್ರ, ಕೂಸು ಹೊಲದ ಆ ತುದಿಗೆ ಐತಿ," ಎನ್ನುತ್ತಾರೆ ತರನ್ನುಮ.

ಗುದ್ಲೆಪ್ಪ ಹೊಂಡಕ್ಕೆ ಧುಮುಕಿ ಎತ್ತಿದರು, ಮಗು ಉಳಿಯಿತು. ಬೀಳುವ ಮುಂಚಿನ ಅದರ ನಗು ತರನ್ನುಮ ಇದುವರೆಗೆ ತೆಗೆದದ್ದರಲ್ಲೆಲ್ಲ ಚೆಂದದ ಫೋಟೋ. ಮನೆಯವರು ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ಅದನ್ನು ನೋಡಿಯೇ ಎಷ್ಟೋ ಮಂದಿ ಇವರ ನಂಬರ್ ಕೇಳುತ್ತಾರೆ. ಇವರು ಮಾತ್ರ ಮತ್ತೆ ಆ ಹೊಸ್ತಿಲು ತುಳಿದಿಲ್ಲ.

ಆ ಭಯ ಇವತ್ತಿಗೂ ಹೋಗಿಲ್ಲ. ಬೇರೆ ಕಸುಬು ಹಿಡಿಯೆಂದು ಮನೆಯಲ್ಲಿ ಹೇಳಿ ಸಾಕಾಗಿದೆ. ಇವರು ಕಸುಬು ಬಿಡಲಿಲ್ಲ, ಜೂಮ್ ಲೆನ್ಸ್ ಮಾರಿದರು. ಈಗಿನದು ಹತ್ತಿರದಿಂದಷ್ಟೇ ತೆಗೆಯುವ ಸಣ್ಣ ಲೆನ್ಸ್. ಮಗು ಓಡಿದರೆ ಇವರೂ ಓಡಬೇಕು. ಮೊಣಕಾಲು ತರಚಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಅಂಗಳಕ್ಕೆ ಎಳೆಬಿಸಿಲು ಬೀಳುತ್ತದೆ. ಶಿವಬಸವ್ವನ ಮರಿಮೊಮ್ಮಗಳು ನಿತ್ಯಾ ಕರುವಿನ ಹಿಂದೆ ಓಟ ಕೀಳುತ್ತಾಳೆ. ಬಲಗೈಯಲ್ಲಿ ಕ್ಯಾಮೆರಾ ಹಿಡಿದು, ಎಡಗೈ ಮುಂದೆ ಚಾಚಿ, ತರನ್ನುಮ ಬಗ್ಗಿಕೊಂಡೇ ಓಡುತ್ತಾರೆ. ಕರು ಒಮ್ಮೆಲೇ ಹಿಂಗಾಲು ಝಾಡಿಸುತ್ತದೆ. ತರನ್ನುಮರ ಎಡಗೈ ಮಗುವಿನ ಲಂಗ ಹಿಡಿದು ಹಿಂದಕ್ಕೆಳೆಯುತ್ತದೆ, ಬಲಗೈ ಬೆರಳು ತನ್ನಷ್ಟಕ್ಕೆ ಗುಂಡಿ ಒತ್ತುತ್ತದೆ. ಮಗು ಕಿಲಕಿಲ ನಗುತ್ತದೆ. ತರನ್ನುಮ ನೆಲಕ್ಕೆ ಕುಕ್ಕರಿಸಿ ಸುಧಾರಿಸಿಕೊಳ್ಳುತ್ತಾರೆ.

ಮಗುವಿನ ತಾಯಿ ಶ್ವೇತಾ ಫೋಟೋ ನೋಡಿ ಹಿಗ್ಗುತ್ತಾರೆ. ಮೂಲೆಯಲ್ಲಿ ಒಂದು ಕೈ ಅಡ್ಡ ಬಂದಿದೆ, ಅದಷ್ಟನ್ನು ಕತ್ತರಿಸಿ ಕೊಡಿ ಎನ್ನುತ್ತಾರೆ. ಗಿರಾಕಿಗಳು ಹೇಳಿದ್ದಕ್ಕೆಲ್ಲ ಹೂಂ ಎನ್ನುವ ತರನ್ನುಮ ಇದೊಂದಕ್ಕೆ ಒಪ್ಪುವುದಿಲ್ಲ.

"ಅದು ಇರ್ಲಿ ಬಿಡ್ರಿ ಅಕ್ಕಾರ. ಆ ಕೈ ಫೋಟೋದಾಗ ಕಂಡ ದಿನಾನ ನನಗ ನಿದ್ದಿ ಹತ್ತೂದು."